ಅತ್ತಿಗೆಯ ದನಿಯಲ್ಲಿ ಕಡಿದ ಗುಲಾಬಿ

ನಮ್ಮ ಅತ್ತಿಗೆಯ ಗುಲಾಬಿ ಗಿಡದ ತಲೆ ತೆಗೆಸಿದವನು ನಾನು. ಕುಡುಗೋಲು ಹಿಡಿದದ್ದು ಅವ್ವ, ಕಡ್ಡಿಯನ್ನು ಬಾಗಿಸಿ ಕೊಟ್ಟದ್ದು ಅಣ್ಣ. ಆದರೆ ತೆಗೆಯಿರಿ ಎಂದು ಅಪ್ಪಣೆ ಕೊಟ್ಟ ದನಿ ಸಾಕ್ಷಾತ್ ಅತ್ತಿಗೆಯದು, ಆ ದನಿ ಹೊರಟದ್ದು ನನ್ನ ಗಂಟಲಿನಿಂದ. ಅತ್ತಿಗೆ ಆ ಹೊತ್ತಿಗೆ ಹುಣಸೂರಿನ ತವರಿನಲ್ಲಿ, ಇದೊಂದೂ ತಿಳಿಯದೆ, ಬಹುಶಃ ಹುರುಳಿಕಾಳು ಹುರಿದುಕೊಂಡು ತಿನ್ನುತ್ತ ಕೂತಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನಾನು ಹೇಳದಿದ್ದರೆ ನಮ್ಮ ಬೀದಿಯಲ್ಲಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಮತ್ತು ಅವರು ನನ್ನಷ್ಟು ಚೆನ್ನಾಗಿ ಹೇಳುವುದಿಲ್ಲ.

ಮೊನ್ನೆ ಇದೆಲ್ಲ ನೆನಪಾದದ್ದು ಒಂದು ನಾತದಿಂದ. ಈಗ ನಾನು ಕೃಷ್ಣರಾಜನಗರದ ಸ್ಕೂಲಿನಲ್ಲಿ ಮೇಷ್ಟ್ರು. ಊರು ಹೊಸದು, ಬೀದಿಗಳು ದಾರ ಹಿಡಿದು ಎಳೆದ ಹಾಗೆ ನೇರ, ಮಕ್ಕಳ ಅಕ್ಷರ ಮಾತ್ರ ಸೊಟ್ಟ. ಪಕ್ಕದ ಮನೆಯ ಗುಮಾಸ್ತರು ಗುಲಾಬಿಗೆಂದು ಹೊಂಗೆ ಹಿಂಡಿಯನ್ನು ಮಡಕೆಯಲ್ಲಿ ನೆನೆಹಾಕಿ ಮರೆತುಬಿಟ್ಟಿದ್ದರು. ಅದು ಜ್ಞಾಪಕಕ್ಕೆ ಬಂದು ಬೆಳಿಗ್ಗೆ ಮುಚ್ಚಳ ತೆಗೆದದ್ದೇ ತಡ, ಬೀದಿಯವರೆಲ್ಲ ಮೂಗು ಹಿಡಿದುಕೊಂಡು ಒಳಗೆ ಹೋದರು. ನಾನೊಬ್ಬ ಜಗಲಿಯ ಮೇಲೆ ನಿಂತು ಹಿತವಾಗಿ ಉಸಿರೆಳೆದುಕೊಂಡೆ. ಗುಲಾಬಿ ಎಂದರೆ ಬೇರೆಯವರಿಗೆ ಅತ್ತರು, ಪನ್ನೀರು ನೆನಪಾಗಬಹುದು. ನನಗೆ ನೆನಪಾಗುವುದು ಕೊಳೆತ ಹಿಂಡಿ. ಆ ವರ್ಷದ ಶ್ರಾವಣವಿಡೀ ಅದನ್ನು ಕಲಸಿದ ಕೈ ಇದು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಊಟಕ್ಕೆ ಕೂತಾಗ ಮುದ್ದೆಗಿಂತ ಮೊದಲು ಅದೇ ಮೂಗಿಗೆ ಬರುತ್ತಿತ್ತು.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ. ರಾಗಿ, ಹುರುಳಿ, ಹುಚ್ಚೆಳ್ಳು ಬೆಳೆಯುವ ಹೊಲದವರು ನಾವು. ಅಣ್ಣನ ಮದುವೆ ಆ ವರ್ಷದ ಬೇಸಿಗೆಯಲ್ಲಿ ಆಯಿತು. ಅತ್ತಿಗೆ ಜಯಮ್ಮ ಹುಣಸೂರು ಪೇಟೆಯ ಹುಡುಗಿ. ಅವಳಪ್ಪ ಕಾಫಿ ಮೂಟೆ ಸಾಗಿಸುವ ಗಾಡಿಗಳನ್ನು ಇಟ್ಟುಕೊಂಡಿದ್ದವರು. ಮದುವೆಯಾಗಿ ಬರುವಾಗ ಅವಳ ಜೊತೆ ಗಾಡಿಯಲ್ಲಿ ಒಂದು ಟ್ರಂಕು, ಹಿತ್ತಾಳೆ ಪಾತ್ರೆಗಳು ಮತ್ತು ಎಣ್ಣೆ ಡಬ್ಬಿಯಲ್ಲಿ ನೆಟ್ಟ ಒಂದು ಗುಲಾಬಿ ಗಿಡ ಬಂದವು. ಟ್ರಂಕನ್ನು ಯಾರು ಹೇಗೆ ಇಳಿಸುತ್ತಾರೆಂದು ಅವಳು ತಿರುಗಿಯೂ ನೋಡಲಿಲ್ಲ. ಡಬ್ಬಿಯನ್ನು ಮಾತ್ರ ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದು, ತಾನೇ ಎತ್ತಿಕೊಂಡು ಇಳಿದಳು. ಅವರ ಮನೆಯ ಹಿಂದೆ ಇದ್ದ ದೊರೆಗಳ ಬಂಗಲೆಯಿಂದ ಕೆಂಪು ಗುಲಾಬಿಯ ಒಂದು ಚಿಗುರುಗಣ್ಣು ತಂದು, ಕಾಡು ಗುಲಾಬಿಯ ಬುಡಕ್ಕೆ ಕಸಿ ಕಟ್ಟಿ, ತಾನೇ ಸಾಕಿದ ಗಿಡವಂತೆ. ಕಸಿ ಎಂಬ ಮಾತನ್ನು ನಮ್ಮೂರಿನಲ್ಲಿ ಮಾವಿನ ವಿಷಯದಲ್ಲಿ ಕೇಳಿದ್ದೆವು. ಹೂವಿಗೂ ಇಷ್ಟೊಂದು ಉಪಚಾರ ಉಂಟು ಎಂದು ತಿಳಿದು ನಮ್ಮಪ್ಪ, ಮನೆಯ ವಿಷಯಕ್ಕೆ ಬಾಯಿ ಹಾಕದ ಮನುಷ್ಯ, ಹುಬ್ಬೇರಿಸಿ ಹೊಲಕ್ಕೆ ಹೋದ.

ಗುಲಾಬಿಗೆ ಬಿಸಿಲೂ ಬೇಕು, ನೀರೂ ಬೇಕು. ನಮ್ಮ ಹಿತ್ತಿಲಿನಲ್ಲಿ ಎರಡೂ ಸೇರುವ ಜಾಗ ಒಂದೇ: ಬಚ್ಚಲಿನ ನೀರು ಹೊರಕ್ಕೆ ಬೀಳುವ ಕಡೆ. ಅದು ಅವ್ವನ ಸೋರೆ ಬಳ್ಳಿಯ ಸಿಂಹಾಸನ. ಮದುವೆಯ ಗಲಾಟೆಯಲ್ಲಿ ಆ ವರ್ಷ ಬೀಜ ಊರಿರಲಿಲ್ಲ, ಸಿಂಹಾಸನ ಖಾಲಿ ಇತ್ತು. ಅತ್ತಿಗೆ ಬಂದ ಹೊಸದರಲ್ಲೇ, ಯಾರನ್ನೂ ಕೇಳದೆ, ಡಬ್ಬಿಯಿಂದ ಗಿಡ ಬಿಡಿಸಿ ಅಲ್ಲಿ ನೆಟ್ಟುಬಿಟ್ಟಳು. ಅವ್ವ ಜಗಳಕ್ಕೆ ಹೋಗಲಿಲ್ಲ. ಜಗಳಕ್ಕೆ ಹೋಗದ ಅವ್ವ ಜಗಳಕ್ಕೆ ಹೋದ ಅವ್ವನಿಗಿಂತ ಕಷ್ಟ. ಮೇಲಿನ ಮನೆಯ ಚೆನ್ನಾಜಮ್ಮನನ್ನು ಎದುರಿಗೆ ಕೂರಿಸಿಕೊಂಡು, ಅವಳಿಗೆ ಹೇಳುವಂತೆ ಸೊಸೆಗೆ ಹೇಳಿದಳು: ಗೌರಿ ಹಬ್ಬದ ತನಕ ನೋಡುವುದು, ಅಷ್ಟರಲ್ಲಿ ದೇವರ ತಲೆಗೆ ಒಂದು ಹೂವಾದರೂ ಕೊಟ್ಟರೆ ಗಿಡ ಇರಲಿ, ಕೊಡದಿದ್ದರೆ ಕಿತ್ತು ಆ ಗುಂಡಿಗೇ ಸೋರೆ ಬೀಜ. ತಿನ್ನಲಾಗದ ಗಿಡಕ್ಕೆ ಬಚ್ಚಲ ನೀರು ದಂಡ. ಅತ್ತಿಗೆ ತಲೆ ಬಗ್ಗಿಸಿ ಹೂಂ ಎಂದಳು. ಹೊಸ ಮನೆಯಲ್ಲಿ ಅವಳು ತನ್ನದೆಂದು ಇಟ್ಟುಕೊಂಡದ್ದು ಅದೊಂದೇ. ಅದಕ್ಕೇ ಆ ಹೂಂ ಅಷ್ಟು ಸಣ್ಣಗೆ ಬಂತು. ಚೆನ್ನಾಜಮ್ಮನಂತೂ ಕೇಳಿದ ಮಾತನ್ನು ಮರೆಯುವ ಪೈಕಿಯಲ್ಲ.

ನಾನು ಆಗ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಹೊಲದ ಕೆಲಸ ಬಂದಾಗ ಓದಿದವನು, ಓದಿನ ಮಾತು ಬಂದಾಗ ಹೊಲದವನು. ನಿಜವಾಗಿ ನನಗೆ ಬರುತ್ತಿದ್ದ ಕಸುಬು ಒಂದೇ, ಬೇರೆಯವರ ದನಿ ತೆಗೆಯುವುದು. ಶಾನುಭೋಗರು ನಸ್ಯ ಏರಿಸಿ ಸೀನು ಬರದೆ ಒದ್ದಾಡುವುದು, ಕಂದಾಯದ ಸಾಹೇಬರು ಕುದುರೆ ಇಳಿಯುತ್ತ ಕೆಮ್ಮುವುದು, ಅವ್ವ ಹಟ್ಟಿಯ ಎಮ್ಮೆಯನ್ನೂ ನನ್ನನ್ನೂ ಒಂದೇ ರಾಗದಲ್ಲಿ ಕರೆಯುವುದು. ಒಮ್ಮೆ ನಾನು ಅವ್ವನ ದನಿಯಲ್ಲಿ ಕೂಗಿದ್ದಕ್ಕೆ ಅಪ್ಪ ಅರ್ಧ ಉತ್ತ ಹೊಲ ಬಿಟ್ಟು ಊಟಕ್ಕೆ ಬಂದಿದ್ದ. ಅತ್ತಿಗೆಯ ದನಿ ಕಲಿಯಲು ಸ್ವಲ್ಪ ಕಷ್ಟವಾಯಿತು. ಪೇಟೆಯವಳು, ಮಾತಿನ ಕೊನೆಯನ್ನು ಮೆತ್ತಗೆ ಇಳಿಸುತ್ತಿದ್ದಳು. ಆಷಾಢ ಬರುವ ಹೊತ್ತಿಗೆ ಅದೂ ಕೈಗೆ ಸಿಕ್ಕಿತ್ತು.

ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗಬೇಕಲ್ಲ, ಅತ್ತಿಗೆ ಹೊರಟಳು. ಗಾಡಿ ಹತ್ತುವ ಮೊದಲು ನನ್ನನ್ನು ಹಿತ್ತಿಲಿಗೆ ಕರೆದು ಗಿಡ ಒಪ್ಪಿಸಿದಳು. ನೀರು ನಿಲ್ಲಬಾರದು, ಕೋಳಿ ಕೆರೆಯಬಾರದು, ಇಷ್ಟೇ. ಇನ್ನೊಂದು ಮಾತು ಮಾತ್ರ ಎರಡು ಸಲ ಹೇಳಿದಳು: ಬುಡದ ಹತ್ತಿರ ಏನಾದರೂ ಹೊಸದಾಗಿ ಹುಟ್ಟಿದರೆ ನಿಮ್ಮಷ್ಟಕ್ಕೆ ಏನೂ ಮಾಡಬೇಡಿ, ನನಗೆ ಹೇಳಿಕಳಿಸಿ.

ಪುನರ್ವಸು ಮಳೆ ಹಿಡಿದುಕೊಂಡಿತು. ಅತ್ತಿಗೆ ಇಲ್ಲದ ಮನೆಯಲ್ಲಿ ಅಣ್ಣ, ಎತ್ತಿನಂಥ ಆಳು, ಸುಮ್ಮನೆ ತೊಲೆ ನೋಡುತ್ತ ಕೂರುತ್ತಿದ್ದ. ಆಷಾಢದಲ್ಲಿ ಗಂಡ ಹೆಂಡತಿಯ ತವರಿಗೆ ಹೋಗುವಂತಿಲ್ಲ. ಅವನು ಹಿತ್ತಿಲಿಗೆ ಹೋಗಿ ಗುಲಾಬಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ, ಸ್ಕೂಲಿಗೆ ತಡವಾಗಿ ಬಂದ ಹುಡುಗನ ಹಾಗೆ. ಹೀಗೆ ನಿಂತಿದ್ದಾಗ ಅವನ ಕಣ್ಣಿಗೆ ಬಿತ್ತು, ಬುಡದಿಂದ ಒಂದು ಹೊಸ ಚಿಗುರು. ಹೆಬ್ಬೆರಳ ದಪ್ಪ, ಹಸುರೋ ಹಸುರು, ಮಳೆಗೆ ಗೇಣು ಗೇಣು ಏಳುತ್ತಿದೆ. ಮೇಲಿನ ಹಳೆಯ ಕಡ್ಡಿಗಳು ಅದರ ಮುಂದೆ ಜ್ವರದಿಂದ ಎದ್ದವರಂತೆ ಕಂಡವು. ಅಣ್ಣನ ಮುಖ ಅರಳಿತು. ಹೇಳಿಕಳಿಸಲು ಒಂದು ಕಾರಣ ಸಿಕ್ಕಿತ್ತು. ನನ್ನನ್ನು ಆ ಕ್ಷಣವೇ ಹುಣಸೂರಿಗೆ ಅಟ್ಟಿದ.

ನಾನು ಹೊರಟದ್ದು ಒಳ್ಳೆಯ ಬುದ್ಧಿಯಿಂದಲೇ. ಹುಣಸೂರಿನ ಸಂತೆ ಮಾಳದಲ್ಲಿ ಒಂದು ನಾಟಕದ ಕಂಪನಿ ಮೊಕ್ಕಾಂ ಮಾಡಿದ್ದು ನನ್ನ ತಪ್ಪಲ್ಲ. ಮಳೆಗೆ ಆಟ ನಿಂತು, ರಾಜನ ಪಾತ್ರದವನು ಡೇರೆಯ ಬಾಗಿಲಲ್ಲಿ ಪಂಚೆ ಎತ್ತಿಕಟ್ಟಿಕೊಂಡು ಅಡುಗೆಯವನನ್ನು ರಾಜನ ದನಿಯಲ್ಲೇ ಬೈಯುತ್ತಿದ್ದ. ಅಂಥದ್ದು ಬಿಟ್ಟು ಮುಂದಕ್ಕೆ ಹೋಗಲು ನನಗೆ ಕಾಲೇ ಬರಲಿಲ್ಲ. ಅವನ ದನಿಯಲ್ಲಿ ನಾನೂ ಒಂದೆರಡು ಮಾತಾಡಿದೆ. ಅವನು ನಕ್ಕು ಒಳಗೆ ಕರೆದು ಕಾಫಿ ಕೊಟ್ಟ. ಇನ್ನೊಬ್ಬ ಬಂದು ಮಂತ್ರಿಯ ದನಿ ತೆಗೆ ಎಂದ. ನನಗೆ ಎಚ್ಚರವಾದದ್ದು ನಮ್ಮೂರ ಕಡೆಯ ಗಾಡಿಗಳು ಎತ್ತು ಕಟ್ಟುವುದನ್ನು ಕಂಡಾಗ. ಅತ್ತಿಗೆಯ ತವರು ಊರಿನ ಆ ಕೊನೆಗೆ, ನದಿಯ ದಿಕ್ಕಿಗೆ. ಹೋಗಿ ಬಂದರೆ ಗಾಡಿ ತಪ್ಪುತ್ತದೆ. ಗಾಡಿ ಹತ್ತಿ ಕೂತು ಯೋಚನೆ ಮಾಡಿದೆ: ಅತ್ತಿಗೆ ಏನು ಹೇಳುತ್ತಿದ್ದಳು? ಇದರಲ್ಲಿ ಕೇಳುವುದೇನಿದೆ? ರಾಗಿ ಪೈರಿನಲ್ಲಿ ಬಡಕಲನ್ನು ಕಿತ್ತು ದಪ್ಪನೆಯದನ್ನು ಉಳಿಸುತ್ತೇವೆ. ಹುಟ್ಟಿದಾರಭ್ಯ ನೋಡಿದ್ದು ಅದೇ. ಗುಲಾಬಿಯೇನು ಆಕಾಶದಿಂದ ಇಳಿದದ್ದೇ?

ಮನೆಗೆ ಬಂದಾಗ ಅಣ್ಣ, ಅವ್ವ ಇಬ್ಬರೂ ಜಗಲಿಯಲ್ಲೇ ಕಾದಿದ್ದರು. ಸುಮ್ಮನೆ ಹೇಳಿದ್ದರೆ ಅವ್ವ ನಂಬುತ್ತಿದ್ದಳೋ ಇಲ್ಲವೋ. ನಾನು ಟವೆಲನ್ನು ಸೆರಗಿನ ಹಾಗೆ ಹೆಗಲಿಗೆ ಹಾಕಿಕೊಂಡು, ಅತ್ತಿಗೆ ಕಂಬಕ್ಕೆ ಒರಗುವಂತೆ ಒರಗಿ, ಮಾತಿನ ಕೊನೆಯನ್ನು ಮೆತ್ತಗೆ ಇಳಿಸಿ ಹೇಳಿದೆ: “ಬುಡದಲ್ಲಿ ದಪ್ಪಗೆ ಬಂದಿರೋದೇ ತಾಯಿ ಚಿಗುರು ಕಣಪ್ಪ. ಮೇಲಿನ ಸಣಕಲು ಕಡ್ಡಿ ಎಲ್ಲ ತೆಗ್ದಾಕ್ಬುಡಿ, ಸುಮ್ನೆ ಸಾರ ಕುಡೀತವೆ.” ಅವ್ವ ತಲೆದೂಗಿದಳು. ಹುಡುಗಿಗೆ ಬೇಸಾಯ ಗೊತ್ತು ಎಂದು ಮೊದಲ ಸಲ ಸೊಸೆಯನ್ನು ಹೊಗಳಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಣ್ಣ ಇನ್ನೂ ಏನೋ ಇದೆ ಎಂಬಂತೆ ನೋಡುತ್ತಿದ್ದ. ಪಾಪ ಎನಿಸಿ ಇನ್ನೊಂದು ಸೇರಿಸಿದೆ: “ಅಂಗೇ, ಅವ್ರು ವೊತ್ಗೆ ಸರಿಯಾಗಿ ಉಣ್ತಾವ್ರಾ?” ಅಣ್ಣ ಕಿವಿಯವರೆಗೆ ಕೆಂಪಾಗಿ, ಎತ್ತಿಗೆ ಹುಲ್ಲು ಹಾಕುವ ನೆಪದಲ್ಲಿ ಹಟ್ಟಿಗೆ ಹೋದ. ಅವತ್ತು ಅವನು ಉಂಡ ಮುದ್ದೆಯನ್ನು ನೋಡಿ ಅವ್ವ ಮಾರನೆಯ ದಿನ ಹಿಟ್ಟು ಹೆಚ್ಚಿಗೆ ಹಾಕಿದಳು.

ಬೆಳಿಗ್ಗೆಯೇ ಗಿಡದ ತಲೆ ಹೋಯಿತು. ಅಲ್ಲಿಂದ ಮುಂದೆ ಆ ದಪ್ಪ ಚಿಗುರಿನ ವೈಭವ ನೋಡಬೇಕಿತ್ತು. ಆಷಾಢ ಕಳೆಯುವುದರೊಳಗೆ ನನ್ನ ತಲೆ ಮೀರಿ, ಬಚ್ಚಲ ಸೂರಿನ ಮೇಲೆ ಬಾಗಿ, ಮದುವೆ ಚಪ್ಪರದ ಗಳುವಿನ ಹಾಗೆ ತೂಗುತ್ತಿತ್ತು. ನೋಡಲು ಬಂದವರಿಗೆಲ್ಲ ಅವ್ವ ತಾನೇ ತೋರಿಸುತ್ತಿದ್ದಳು. ಇಂಥ ಮರಕ್ಕೆ ಹೂವೇನು ಬುಟ್ಟಿ ಬುಟ್ಟಿ ಬಂದೀತು ಎಂದು ಚೆನ್ನಾಜಮ್ಮನ ಬಾಯಲ್ಲೂ ಹೇಳಿಸಿದಳು.

ಶ್ರಾವಣ ಹುಟ್ಟಿದ ಮೇಲೆ ಅತ್ತಿಗೆ ಬಂದಳು. ಅತ್ತೆಯ ಕಾಲಿಗೆ ಬಿದ್ದು, ನೀರು ಕುಡಿದು, ನೇರ ಹಿತ್ತಿಲಿಗೆ. ಅವಳ ಹಿಂದೆ ನಾವೆಲ್ಲ, ಹುಟ್ಟಿದ ಮಗುವನ್ನು ತೋರಿಸಲು ಹೋಗುವವರ ಹಾಗೆ. ಅವಳು ಆ ಗಳುವನ್ನು ಬುಡದಿಂದ ತುದಿಯವರೆಗೆ ನೋಡಿ, ಮೇಲಿನ ಕಡ್ಡಿಗಳು ಎಲ್ಲಿ ಎಂದು ಕೇಳಿದಳು. ನೀನೇ ಹೇಳಿಕಳಿಸಿದ ಹಾಗೆ ತೆಗೆದೆವಲ್ಲ ಎಂದಳು ಅವ್ವ. ನಾನಾ, ಯಾರ ಹತ್ತಿರ ಎಂದಳು ಅತ್ತಿಗೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪಡುವಣದಲ್ಲಿ ಮೋಡ ಇದೆಯೇ ಎಂದು ಪರೀಕ್ಷಿಸುತ್ತಿದ್ದೆ.

ನಾಟಕದ ಡೇರೆಯ ಕತೆ ಹೊರಬಿತ್ತು. ಅವ್ವ ಕೈಯಲ್ಲಿದ್ದ ಪೊರಕೆಯ ಹಿಡಿ ಬದಲಿಸಿದಳು. ಅಣ್ಣ ಅವಳನ್ನು ತಡೆದ. ನನ್ನ ಮೇಲಿನ ಕರುಣೆಯಿಂದಲ್ಲ. ಅವನಿಗೆ ಕೇಳಬೇಕಾದದ್ದು ಬೇರೆ ಇತ್ತು.

“ಗಿಡದ ಮಾತು ಅತ್ಲಾಗಿರ್ಲಿ ಕಣ್ಲಾ. ವೊತ್ಗೆ ಸರಿಯಾಗಿ ಉಣ್ತಾವ್ರಾ ಅಂದ್ಲು ಅಂದ್ಯಲ್ಲ, ಅದೂ ನಿಂದೇನಾ?”

ಇಡೀ ತಾಲ್ಲೂಕಿನ ದನಿಗಳು ಬಲ್ಲ ನಾನು ಬರೀ ತಲೆಯಾಡಿಸಿ ಒಪ್ಪಿಕೊಂಡೆ. ಅಣ್ಣ ನೆಲ ನೋಡಿದ. ಅಷ್ಟು ದೊಡ್ಡ ಆಳು ಅಷ್ಟು ಚಿಕ್ಕವನಾದದ್ದನ್ನು ನಾನು ಕಂಡಿರಲಿಲ್ಲ. ಅತ್ತಿಗೆಯ ಕಣ್ಣಲ್ಲಿ ಅಷ್ಟು ಹೊತ್ತಿಗೆ ನೀರು ತುಂಬಿತ್ತು, ಆದರೂ ನಗು ತಡೆಯಲಾರದೆ ಸೆರಗು ಬಾಯಿಗೆ ಹೋಯಿತು, ಹೆಗಲು ಕುಲುಕಿತು. “ಇವ್ನು ನಮ್ಮನೆ ತನಕ ಬಂದಿದ್ರೆ ನಾನೇ ಅದನ್ನ ಕೇಳ್ತಿದ್ದೆ,” ಎಂದು ಗಿಡದ ಕಡೆ ಮುಖ ಮಾಡಿಕೊಂಡು ಹೇಳಿದಳು. ಅಣ್ಣನ ಮಟ್ಟಿಗೆ ಮೊಕದ್ದಮೆ ಅಲ್ಲಿಗೆ ಖುಲಾಸೆ.

ಆಮೇಲೆ ಅವಳು ಮಂಡಿಯೂರಿ ಬುಡದ ಮಣ್ಣು ಸರಿಸತೊಡಗಿದಳು. ಕಸಿ ಕಟ್ಟಿದ ಗಂಟಿನ ಮೇಲೆ, ಅವ್ವನ ಕುಡುಗೋಲಿಗೆ ಸಿಗದೆ, ಹೆಬ್ಬೆಟ್ಟಿನುದ್ದದ ಒಂದು ಮೋಟು ಉಳಿದಿತ್ತು. ಅದರ ಪಕ್ಕದಲ್ಲಿ ಸಾಸಿವೆಯಷ್ಟು ಒಂದು ಕಣ್ಣು. ಅವಳು ಅದನ್ನು ಮುಟ್ಟಿ ನೋಡಿ ಎದ್ದಳು. ನಮ್ಮ ಹೆಮ್ಮೆಯ ಗಳು ಗಂಟಿನ ಕೆಳಗಿನಿಂದ, ಕಾಡು ಬೇರಿನಿಂದ ಹೊರಟದ್ದು. ಅದನ್ನು ಕತ್ತರಿಸಲಿಲ್ಲ, ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಸೆರಗನ್ನು ಅಂಗೈಗೆ ಸುತ್ತಿ, ಬೇರಿಗೆ ಅಂಟಿದ್ದ ಕಡೆಯಿಂದಲೇ ಜಗ್ಗಿ ಕಿತ್ತಳು. ಅವ್ವ ಆಳೆತ್ತರದ ಗಿಡ ಹೋಯಿತಲ್ಲ ಎಂದು ಬಾಯಿ ಬಡಿದುಕೊಂಡಳು. ಅತ್ತಿಗೆ ಒಂದು ಎಲೆ ಹರಿದು ಅತ್ತೆಯ ಕೈಗೆ ಕೊಟ್ಟಳು: “ನೋಡಿ ಅತ್ತೆ, ಒಂದು ಕಡ್ಡಿಗೆ ಏಳು ಎಲೆ. ನಮ್ಮ ಗಿಡದ್ದು ಐದು. ಇದು ಬೇಲಿ ಗಿಡ ಕಣತ್ತೆ, ನಮ್ಮ ಗಿಡದ ಬಾಯಿಗೆ ಹೋಗೋ ಅನ್ನಾನೆಲ್ಲ ಇದೇ ತಿಂತಿತ್ತು.” ಅವ್ವ ಎಣಿಸಿದಳು. ತಿಂಗಳಿಡೀ ಊರಿಗೆಲ್ಲ ಬೇಲಿಯನ್ನು ತೋರಿಸಿಕೊಂಡು ಮೆರೆದೆನೆಂದು ತಿಳಿದ ಮೇಲೆ ಅವಳ ಪೊರಕೆ ನನ್ನನ್ನು ಹುಡುಕಿಕೊಂಡು ಬಂತು. ಈ ಸಲ ಅಣ್ಣ ಅಡ್ಡ ಬರಲಿಲ್ಲ.

ನನಗೆ ಶಿಕ್ಷೆ ವಿಧಿಸಿದ್ದು ಅತ್ತಿಗೆ. ಹಿಂಡಿ ಕಲಸುವುದು, ಹುಳ ಆರಿಸುವುದು, ಮಳೆ ನೀರು ನಿಲ್ಲದ ಹಾಗೆ ಕಾಲುವೆ ತೆಗೆಯುವುದು. ಇದೆಲ್ಲದರ ಮೇಲೆ ಇನ್ನೊಂದು: “ಆ ಕಣ್ಣು ಚಿಗುರೋ ತನಕ ನಿನ್ನ ದನೀಲೇ ಮಾತಾಡು. ನಮ್ಮ ದನಿಗೆ ಬರಬ್ಯಾಡ.” ಹಿಂಡಿ ಸುಲಭವಾಗಿತ್ತು. ಶಾನುಭೋಗರು ಎದುರಿಗೆ ಸೀನಿದಾಗ ಸುಮ್ಮನಿರುವುದು ಎಂಥ ತಪಸ್ಸೆಂದು ಮಾಡಿದವನಿಗೇ ಗೊತ್ತು. ದಿನಾ ಬೆಳಿಗ್ಗೆ ಎದ್ದು ಆ ಮೋಟಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಸಾಸಿವೆ ಒಡೆದು, ಕೋಳಿಮರಿಯ ಕೊಕ್ಕಿನಂತೆ ಕೆಂಪಗೆ ಏನೋ ಇಣುಕಿತ್ತು. ನನ್ನ ಸ್ವಂತ ದನಿಯಲ್ಲಿ ಕೂಗಿದೆ. ಅದು ಯಾರ ದನಿ ಎಂದು ಮನೆಯವರಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

ಚಿಗುರು ಏಳುತ್ತ ಹೋಯಿತು, ಹಬ್ಬವೂ ಹತ್ತಿರ ಬರುತ್ತ ಹೋಯಿತು. ಅತ್ತಿಗೆ ಮನೆಯ ಕೆಲಸದ ನಡುವೆ ಹತ್ತು ಸಲ ಹಿತ್ತಿಲ ಬಾಗಿಲಿಗೆ ಬಂದು, ಏನೂ ನೋಡದವಳಂತೆ ಹಿಂದಿರುಗುತ್ತಿದ್ದಳು. ಅವ್ವನ ವಿಷಯ ತಿಳಿಯುವಂತಿರಲಿಲ್ಲ. ಒಮ್ಮೆ ಅವಳು ಮೈ ತೊಳೆದ ನೀರನ್ನು ಚೊಂಬಿನಲ್ಲಿ ಹಿಡಿದು, ಬುಡಕ್ಕೆ ತಾಗದಂತೆ, ಅತ್ತಿಗೆ ಹಾಕುವ ಹಾಗೆಯೇ ಸುತ್ತ ಹಾಕುತ್ತಿದ್ದುದನ್ನು ಕಂಡೆ. ಏನವ್ವ ಎಂದರೆ ಕೈ ಜಾರಿತು ಎಂದಳು. ಕೋಳಿ ಬಾರದಿರಲೆಂದು ಕಿತ್ತ ಕಾಡು ಕಡ್ಡಿಯ ಮುಳ್ಳನ್ನೇ ಸುತ್ತ ಚುಚ್ಚಿದ್ದೂ ಅವಳೇ. ಆದರೆ ಹಬ್ಬಕ್ಕೆ ಮೊದಲಿನ ವಾರ ಅಟ್ಟದಿಂದ ಒಣ ಸೋರೆ ಬುರುಡೆ ಇಳಿಸಿ, ಬೀಜ ಬಿಡಿಸಿ, ಬಟ್ಟೆಯಲ್ಲಿ ಕಟ್ಟಿ ಎಲ್ಲರಿಗೂ ಕಾಣುವ ಹಾಗೆ ಗೂಡಿನಲ್ಲಿಟ್ಟಳು. ಅದೇ ವಾರ ಚಿಗುರಿನ ತುದಿಯಲ್ಲಿ ಒಂದು ಮೊಗ್ಗು ಕಂಡಿತು. ಕಡಲೆಕಾಳಿನಷ್ಟಿದ್ದದ್ದು ಅಡಿಕೆಯಷ್ಟಾಯಿತು. ಮಘೆ ಮಳೆ ಬಿಡುವಿಲ್ಲದೆ ಸುರಿಯಿತು, ಬಿಸಿಲೇ ಇಲ್ಲ. ಬಿಸಿಲಿಲ್ಲದೆ ಮೊಗ್ಗು ಬಾಯಿ ಬಿಡುವುದಿಲ್ಲ. ಅಣ್ಣ ಆಕಾಶವನ್ನು ಬೈದ. ನಾನು ಆಕಾಶದ ದನಿಯಲ್ಲಿ ಉತ್ತರ ಕೊಡಬೇಕೆಂದಿದ್ದೆ, ಅತ್ತಿಗೆಯ ಮುಖ ನೋಡಿ ಬಿಟ್ಟೆ.

ಗೌರಿ ಹಬ್ಬದ ಬೆಳಿಗ್ಗೆ ಮೊಗ್ಗು ಹಾಗೇ ಇತ್ತು. ಹಸುರು ಸಿಪ್ಪೆ ಬಿರಿದು ನಡುವೆ ಗೆರೆಯಷ್ಟು ಕೆಂಪು, ಅಷ್ಟೇ. ದೇವರಿಗೆ ಕಣಗಿಲೆ, ಮಲ್ಲಿಗೆ ಏರಿದವು. ಪೂಜೆ ಮುಗಿದ ಮೇಲೆ ಅತ್ತಿಗೆ ಹಬ್ಬದ ಸೀರೆಯಲ್ಲೇ ಹಟ್ಟಿಗೆ ಹೋಗಿ ಗುದ್ದಲಿ ತಂದು, ಗಿಡದ ಪಕ್ಕದ ಗೋಡೆಗೆ ಒರಗಿಸಿಟ್ಟು ಬಂದಳು. ಯಾರೂ ಹೇಳಿರಲಿಲ್ಲ. ಒಪ್ಪಿದ ಮಾತು ಒಪ್ಪಿದ್ದೇ ಎಂಬಂತೆ ಬಂದು ಒಬ್ಬಟ್ಟಿನ ಹೂರಣ ರುಬ್ಬಲು ಕೂತಳು. ಅಣ್ಣ ಆ ಕಡೆ ತಲೆ ಹಾಕಲಿಲ್ಲ. ಅವ್ವ ಗುದ್ದಲಿಯನ್ನು ನೋಡಿದಳು, ಗೂಡಿನಲ್ಲಿದ್ದ ಬೀಜದ ಗಂಟನ್ನು ನೋಡಿದಳು.

ಅಷ್ಟರಲ್ಲಿ ಚೆನ್ನಾಜಮ್ಮ ಬಾಗಿನದ ಮೊರ ಹಿಡಿದು ಬಂದಳು. ಅವ್ವನೂ ಅವಳೂ ಒಂದೇ ಕಾಲಕ್ಕೆ ಈ ಬೀದಿಗೆ ಸೊಸೆಯರಾಗಿ ಬಂದವರು. ಚೆನ್ನಾಜಮ್ಮನ ಅತ್ತೆ, ಈಗಲೂ ಮೂಲೆಯಲ್ಲಿ ಕೂತು ಮನೆ ಆಳುವ ಮುದುಕಿ, ಆ ಕಾಲದಲ್ಲಿ ತಿಂಗಳು ತಿಂಗಳೂ ಬೀದಿಗೆಲ್ಲ ಕೇಳುವಂತೆ ಏನವ್ವ ವಿಶೇಷ ಎಂದು ಸೊಸೆಯನ್ನು ವಿಚಾರಿಸುತ್ತಿದ್ದವಳು. ಚೆನ್ನಾಜಮ್ಮ ಅರಿಶಿನ ಕುಂಕುಮ ಇಟ್ಟು, ಬಾಗಿನ ಕೊಟ್ಟು, ಹಿತ್ತಿಲಿಗೆ ಒಂದು ನಡೆ ಹೋಗಿ ಬಂದು ನಡುಮನೆಯಲ್ಲಿ ನಿಂತಳು. ರುಬ್ಬುತ್ತಿದ್ದ ಸದ್ದು ನಿಂತಿತು.

“ಒಂದೇ ಮೊಗ್ಗು, ಅದೂ ಬಾಯಿ ಬುಟ್ಟಿಲ್ಲ,” ಎಂದಳು. “ಗೌರಿಗೆ ಹೂವ ಕೊಡ್ದಿದ್ರೆ ಕಿತ್ತಾಕ್ತೀನಿ ಅಂತ ನನ್ನೆದುರ್ಗೇ ಅಂದಿದ್ದೆ. ಗುದ್ಲಿನೂ ಬಂದದೆ. ಇನ್ನೇನು ನೋಡ್ತಾ ಕುಂತಿದ್ದೀಯೆ?”

ನಾನು ಬಾಗಿಲ ಹಿಂದೆ ಇದ್ದೆ. ಅವ್ವನ ದನಿಯಲ್ಲಿ ಒಂದು ಜವಾಬು ನನ್ನ ನಾಲಗೆಯ ತುದಿಗೇ ಬಂದಿತ್ತು, ಕಷ್ಟಪಟ್ಟು ನುಂಗಿದೆ. ನುಂಗಿದ್ದು ಒಳ್ಳೆಯದಾಯಿತು. ಎಷ್ಟೋ ವರ್ಷ ಆ ದನಿಯನ್ನು ಅಭ್ಯಾಸ ಮಾಡಿದವನಾದರೂ ಅವ್ವ ಆಡಿದ ಮಾತು ನನಗೆ ಏಳು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ಅವಳು ಬಾಗಿನದ ಮೊರವನ್ನು ನಿಧಾನವಾಗಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಅಡುಗೆಮನೆಗೂ ಕೇಳುವಂತೆ ಹೇಳಿದಳು:

“ತವರು ಬುಟ್ಟು ಬಂದಿರೋ ಗಿಡ ಕಣವ್ವ ಅದು. ಬಂದ ವರ್ಸವೇ ಮೊಗ್ಗೆಲ್ಲಿ ಹೂವೆಲ್ಲಿ ಅಂತ ನಿಂತ್ಕಂಡು ಕೇಳಕೆ ನಾನೇನು ನಿಮ್ಮತ್ತೆಯಾ?”